ಸಹಾಯ ಬೇಕು: ಹುಂಜದ ಚಿತ್ರವಿರುವ ಕಾಕ್‌ಟೇಲ್ ಗ್ಲಾಸುಗಳ ಕಾಲ ಯಾವುದು?

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಹಳೆ ಸಾಮಾನಿನ ಅಂಗಡಿಯೊಂದರಲ್ಲಿ ಕೊಂಡ ಆರು ಕಾಕ್‌ಟೇಲ್ ಗ್ಲಾಸುಗಳ ಕಾಲವನ್ನು ಬಲ್ಲವರು ತಿಳಿಸಬೇಕಾಗಿ ವಿನಂತಿ. ಕೆಂಪು ಹುಂಜದ ಚಿತ್ರ ಬೆರಳಿಗೆ ಉಬ್ಬಾಗಿ ತಾಗುತ್ತದೆ. ಬಾಯಂಚಿನ ಚಿನ್ನದ ಗೆರೆ ಒಂದು ಕಡೆ ಸವೆದಿದೆ. 22 ಕ್ಯಾರೆಟ್ ಚಿನ್ನದ ಅಲಂಕಾರಕ್ಕೆ ಹೆಸರಾದ ಬ್ರೂಕ್ಲಿನ್‌ನ ಕಲ್ವರ್ ಸಂಸ್ಥೆಯ ಸಹಿ ಇವುಗಳ ಮೇಲಿಲ್ಲ. ತಳದಲ್ಲಿ ಅಮೆರಿಕದ ಗಾಜಿನ ಸಾಮಾನು ತಯಾರಕರಾದ ಲಿಬ್ಬಿಯವರು ಹಾಕುವಂತಹ ಕೂಡುಬರಹದ ‘ಎಲ್’ ಅಕ್ಷರ ಮಾತ್ರ ಇದೆ. ಖಾಲಿ ಗ್ಲಾಸನ್ನು ಒಬ್ಬರು ತಯಾರಿಸಿ ಚಿತ್ರವನ್ನು ಇನ್ನೊಬ್ಬರು ಹಾಕುವ ಪದ್ಧತಿಯೂ ಇದ್ದುದರಿಂದ, ತಳದ ಗುರುತೊಂದನ್ನೇ ನಂಬಿ ಕಾಲ ನಿರ್ಧರಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಅಂಗಡಿಯವರು ‘ನಿಜಾಮರ ಕಾಲದ್ದು’ ಎಂದರು. ನಮ್ಮ ಕಡೆ ಹಳೆಯದೆಲ್ಲವೂ ನಿಜಾಮರ ಕಾಲದ್ದೇ ಅಲ್ಲವೇ! ತಳದ ಮತ್ತು ಚಿತ್ರದ ಫೋಟೊಗಳನ್ನು ಲಗತ್ತಿಸಿದ್ದೇನೆ. ಹುಂಜದ ಶೈಲಿಯಿಂದ ದಶಕವನ್ನು ಗುರುತಿಸಬಹುದೇ, ಚಿನ್ನದ ಗೆರೆ ಇನ್ನಷ್ಟು ಅಳಿಯದಂತೆ ಇವನ್ನು ತೊಳೆಯುವುದು ಹೇಗೆ ಎಂಬುದನ್ನು ದಯವಿಟ್ಟು ತಿಳಿಸಿ.