‘ನರ್ಸ್ ಪ್ರಾಕ್ಟಿಷನರ್’ಗೆ ಕನ್ನಡದಲ್ಲಿ ಏನನ್ನೋಣ?

ಬಳಗದವರಿಗೆ ನಮಸ್ಕಾರ.

ತೀರ್ಥಹಳ್ಳಿ ಕಡೆಯ ಸಂಘವೊಂದರ ಸ್ಮರಣ ಸಂಚಿಕೆಗೆ ಬಂದ ಲೇಖನ ತಿದ್ದುತ್ತಿದ್ದೇನೆ. ಶಿವಮೊಗ್ಗದಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿ, ಟೆಕ್ಸಾಸ್‌ನಲ್ಲಿ ನರ್ಸ್ ಪ್ರಾಕ್ಟಿಷನರ್ ಆದ ಊರ ಹೆಣ್ಣುಮಗಳ ಕುರಿತ ಬರಹ. ನರ್ಸ್ ಪ್ರಾಕ್ಟಿಷನರ್ ಎಂದರೆ ಹೆಚ್ಚಿನ ಓದು ಓದಿ, ಕಾಯಿಲೆ ಗುರುತಿಸಿ ಮದ್ದಿನ ಚೀಟಿ ಬರೆಯುವ ಅಧಿಕಾರ ಪಡೆದ ನರ್ಸ್. ಬರೆದವರು ಅದನ್ನು ‘ವೃತ್ತಿನಿರತ ದಾದಿ’ ಎಂದು ಕನ್ನಡಿಸಿದ್ದಾರೆ. ಹಾಗಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರೆಲ್ಲ ವೃತ್ತಿನಿರತರಲ್ಲವೇ?

ತೊಡಕಿರುವುದು ‘ಪ್ರಾಕ್ಟೀಸ್’ನಲ್ಲಿ. ‘ಅವರ ಮಗ ಸಾಗರದಲ್ಲಿ ಪ್ರಾಕ್ಟೀಸ್ ಶುರು ಮಾಡಿದ’ ಎಂದರೆ ನಮ್ಮಲ್ಲಿ ಡಾಕ್ಟರೋ ವಕೀಲನೋ ಎಂದು ಕೇಳುತ್ತಾರೆ. ಬೋರ್ಡು ಹಾಕಿಕೊಂಡು ಸ್ವಂತ ಜವಾಬ್ದಾರಿಯ ಮೇಲೆ ಕೂತ ಎಂದರ್ಥ. ಅದನ್ನೇ ನರ್ಸಿಗೆ ಹೇಳಿ ನೋಡಿ: ‘ಆ ಸಿಸ್ಟರ್ ಮನೇಲೇ ಪ್ರಾಕ್ಟೀಸ್ ಮಾಡ್ತಾರಂತೆ.’ ಕೇಳಿದವರಿಗೆ ಕದ್ದುಮುಚ್ಚಿ ಇಂಜೆಕ್ಷನ್ ಚುಚ್ಚುವ ಅನುಮಾನ! ಮೂಲ ಪದದಲ್ಲಿರುವುದೋ ಇದಕ್ಕೆ ತದ್ವಿರುದ್ಧ, ಕಾನೂನೇ ಕೊಟ್ಟ ಅಧಿಕಾರ.

ಅಮೆರಿಕದಲ್ಲಿ ಇದು ಶುರುವಾದದ್ದು 1965ರಲ್ಲಿ, ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಕಟ್ಟಿದ ತರಬೇತಿ. ಈಗ ನರ್ಸಿಂಗ್ ನೋಂದಣಿಯ ಮೇಲೆ ಸ್ನಾತಕೋತ್ತರ ಪದವಿಯನ್ನೋ ಡಾಕ್ಟರೇಟನ್ನೋ ಮಾಡಿ, ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ, ರಾಜ್ಯದ ಪರವಾನಗಿ ಪಡೆಯಬೇಕು. ಆಮೇಲೆ ರೋಗಿಯನ್ನು ಪರೀಕ್ಷಿಸುವುದು, ಕಾಯಿಲೆ ಇಂಥದ್ದೆಂದು ಗುರುತಿಸುವುದು, ಮದ್ದಿನ ಚೀಟಿ ಬರೆಯುವುದು ಎಲ್ಲಕ್ಕೂ ಅವರು ಅರ್ಹರು. ಆದರೆ ರಾಜ್ಯಕ್ಕೊಂದು ಕಟ್ಟಳೆ. ವಾಷಿಂಗ್ಟನ್, ಆರಿಜೋನಾಗಳಲ್ಲಿ ಸ್ವತಂತ್ರವಾಗಿ ಕ್ಲಿನಿಕ್ ನಡೆಸಬಹುದು. ಟೆಕ್ಸಾಸ್‌ನಲ್ಲಿ ಚೀಟಿ ಬರೆಯಲು ವೈದ್ಯರೊಡನೆ ಲಿಖಿತ ಒಪ್ಪಂದ ಬೇಕು. ನಮ್ಮ ಲೇಖಕರು ‘ಈಗ ಅಲ್ಲಿ ಸ್ವತಂತ್ರ ವೈದ್ಯೆ’ ಎಂದು ಒಂದು ಸಾಲು ಸೇರಿಸಿದ್ದಾರೆ, ಅದನ್ನಂತೂ ಹೊಡೆದು ಹಾಕಿದೆ. ಆಕೆ ಮಾಡಿರುವುದು ನರ್ಸಿಂಗ್ ಡಾಕ್ಟರೇಟ್. ಹೆಸರಿನ ಹಿಂದೆ ‘ಡಾ.’ ಹಾಕಲು ಅಡ್ಡಿಯಿಲ್ಲ, ಹಾಗೆಂದು ಡಾಕ್ಟರಮ್ಮ ಅಲ್ಲ. ಸಂಚಿಕೆ ಓದುವ ಊರವರಿಗೆ ಇದನ್ನು ತಿಳಿಸಿ ಹೇಳುವುದು ಬೇರೆಯೇ ಪಾಡು.

ನಮ್ಮ ದೇಶದಲ್ಲಿ ಈ ಹೆಸರಿನ ಕೋರ್ಸು ಇಲ್ಲವೆಂದಲ್ಲ. ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಘಟಕಗಳಿಗಾಗಿ 2 ವರ್ಷದ ಸ್ನಾತಕೋತ್ತರ ಕೋರ್ಸನ್ನು ರೂಪಿಸಿದೆ, ಅಲ್ಲಿ ಆಸ್ಪತ್ರೆ ಬರೆದಿಟ್ಟ ಚಿಕಿತ್ಸಾ ನಿಯಮಗಳೊಳಗೇ ಕೆಲಸ. 2018ರ ಕೇಂದ್ರ ಮಾರ್ಗಸೂಚಿಯಲ್ಲಿ ಸಹಜ ಹೆರಿಗೆಗೆಂದೇ 18 ತಿಂಗಳ ತರಬೇತಿ ಬಂತು. ಇವೆರಡನ್ನೂ ನಮ್ಮ ಉಪಕೇಂದ್ರದಲ್ಲಿ ಕೂರುವ ಸಮುದಾಯ ಆರೋಗ್ಯ ಅಧಿಕಾರಿಯೊಡನೆ ಕಲಸಬಾರದು. ನರ್ಸಿಂಗ್ ಓದಿ ಆ ಹುದ್ದೆಗೆ ಬಂದವರ ಹೆಚ್ಚುವರಿ ತರಬೇತಿ 6 ತಿಂಗಳದ್ದು. ಬಿ.ಪಿ., ಸಕ್ಕರೆ ಕಾಯಿಲೆ ತಪಾಸಣೆ, ಗೊತ್ತುಮಾಡಿದ ಪಟ್ಟಿಯ ಮಾತ್ರೆಗಳು, ಮೀರಿದರೆ ಮೇಲಿನ ಆಸ್ಪತ್ರೆಗೆ ಚೀಟಿ. ಮಳೆಗಾಲದಲ್ಲಿ ಹೊಸನಗರದ ಒಳಊರುಗಳಿಗೆ ಅಷ್ಟಾದರೂ ಸಿಕ್ಕಿದರೆ ಪುಣ್ಯ ಅನ್ನಿ.

ಈಗ ಪದಕ್ಕೆ ಬರೋಣ. ‘ಶುಶ್ರೂಷಾಧಿಕಾರಿ’ ಈಗಾಗಲೇ ಸ್ಟಾಫ್ ನರ್ಸ್‌ಗಳ ಪಾಲಾಗಿದೆ. ‘ಶುಶ್ರೂಷಾ ವೈದ್ಯೆ’ ಕೇಳಲು ಸೊಗಸು, ಆದರೆ ಓದುವವರ ಕಣ್ಣು ‘ವೈದ್ಯೆ’ಯ ಮೇಲೆಯೇ ನಿಲ್ಲುತ್ತದೆ. ‘ದಾದಿ’ ನನಗೆ ಬೇಡವೇ ಬೇಡ. ಗಂಡಸರೂ ಈ ಕೆಲಸದಲ್ಲಿದ್ದಾರೆ, ಮೇಲಾಗಿ ಅದರಲ್ಲಿ ಮಗು ಆಡಿಸುವವಳ ವಾಸನೆ ಇನ್ನೂ ಹೋಗಿಲ್ಲ. ನನ್ನ ಒಲವು ‘ಚಿಕಿತ್ಸಕ ನರ್ಸ್’ ಕಡೆಗೆ. ಚೀಟಿ ಬರೆಯುವವರು ಯಾರು, ಚೀಟಿ ನೋಡಿ ಮದ್ದು ಕೊಡುವವರು ಯಾರು ಎಂಬ ಗೆರೆ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ‘ಚಿಕಿತ್ಸಕ’ ಆ ಗೆರೆಯ ಆಚೆಗೆ ದಾಟಿಸುತ್ತದೆ, ಹಾಗಂತ ಡಾಕ್ಟರ ಕುರ್ಚಿಯಲ್ಲಿ ಕೂರಿಸುವುದಿಲ್ಲ. ಮೊದಲ ಬಾರಿ ಬಂದಾಗ ಮೂಲ ಹೆಸರನ್ನೂ ಕನ್ನಡ ಅಕ್ಷರದಲ್ಲಿ ಕೊಟ್ಟರೆ ಸಾಕು.

ಇನ್ನೊಂದು ಉಳಿದಿದೆ. ಇವರು ಏನೇನು ಮಾಡಬಹುದು, ಎಲ್ಲಿಗೆ ನಿಲ್ಲಿಸಬೇಕು ಎಂಬುದಕ್ಕೆ ಲೇಖನದಲ್ಲಿ ‘ಕಾರ್ಯವ್ಯಾಪ್ತಿ’ ಎಂದಿದೆ. ಠಾಣೆಯ ವ್ಯಾಪ್ತಿ, ಪಂಚಾಯ್ತಿ ವ್ಯಾಪ್ತಿ ಕೇಳಿ ಕೇಳಿ ನನಗೆ ಅದರಲ್ಲಿ ಊರುಗಳ ಪಟ್ಟಿಯೇ ಕಾಣುತ್ತದೆ. ‘ಚಿಕಿತ್ಸೆಯ ಮೇರೆ’ ಎಂದು ತಿದ್ದಿದ್ದೇನೆ. ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವರು ಬಳಗದಲ್ಲಿದ್ದರೆ, ತರಗತಿಯಲ್ಲಿ ಇದಕ್ಕೆ ಬಾಯಿಮಾತಿಗೆ ಏನನ್ನುತ್ತೀರಿ, ದಯವಿಟ್ಟು ತಿಳಿಸಿ.