ಕೊಕ್ಕರೆ, ಬಕ, ಬೆಳ್ಳಕ್ಕಿ: ಯಾವ ಹೆಸರು ಯಾವ ಹಕ್ಕಿಗೆ?

ಕೊಕ್ಕರೆ ಅನ್ನುವ ಪದವನ್ನು ನಿಮ್ಮ ಕಡೆ ಯಾವ ಹಕ್ಕಿಗೆ ಬಳಸುತ್ತಾರೆ?

ಕೇಳೋದಕ್ಕೆ ಕಾರಣ ಇದೆ. ನಮ್ಮ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆ ಮರಗಳ ಮೇಲೆ ಎರಡು ಜಾತಿಯ ದೊಡ್ಡ ಹಕ್ಕಿಗಳು ಗೂಡು ಕಟ್ಟುತ್ತವೆ. ಒಂದು ಪೇಂಟೆಡ್ ಸ್ಟಾರ್ಕ್. ರೆಕ್ಕೆಯಲ್ಲಿ ಕಪ್ಪು ಬಿಳಿ ಗೆರೆ, ಹಿಂಭಾಗದಲ್ಲಿ ಗುಲಾಬಿ ಬಣ್ಣ, ಹಳದಿ ಕೊಕ್ಕು. ಇನ್ನೊಂದು ಬೂದು ಬಣ್ಣದ ಗ್ರೇ ಹೆರಾನ್. ಪತ್ರಿಕೆಯವರಿಗೆ ಎರಡೂ ಕೊಕ್ಕರೆಯೇ. ಹೊಲ ಉಳುವಾಗ ಟ್ರ್ಯಾಕ್ಟರ್ ಹಿಂದೆ ಬರುವ ಬಿಳಿ ಹಕ್ಕಿಯೂ ಎಷ್ಟೋ ಜನರ ಬಾಯಲ್ಲಿ ಕೊಕ್ಕರೆಯೇ. ಪಾವಗಡದ ಕಡೆ ತೆಲುಗು ಮಾತಾಡುವವರೂ ಎಲ್ಲವನ್ನೂ ಕೊಂಗ ಅಂದುಬಿಡುತ್ತಾರೆ.

ಹೆಸರು ಒಂದೇ ಆದರೆ ಯಾರ ಗಂಟು ಹೋಗುತ್ತದೆ ಅಂತ ಕೇಳಬಹುದು. ಹೊಲದಲ್ಲಿ ನಿಂತು ಮಾತಾಡುವಾಗ ಏನೂ ಹೋಗಲ್ಲ. ಆದರೆ ಇವು ಬೇರೆ ಬೇರೆ ಕುಟುಂಬದ ಹಕ್ಕಿಗಳು, ಕನ್ನಡದಲ್ಲಿ ಬರೆಯಲು ಕೂತಾಗ ತೊಡಕು ಗೊತ್ತಾಗುತ್ತದೆ. ಹಾರುವಾಗ ನೋಡಿ: ಹೆರಾನ್ ಕತ್ತು ಮಡಿಸಿ ಹೆಗಲ ನಡುವೆ ಸೇರಿಸಿಕೊಳ್ಳುತ್ತದೆ, ಸ್ಟಾರ್ಕ್ ಕತ್ತು ಚಾಚಿಕೊಂಡೇ ಹಾರುತ್ತದೆ. ಹೆರಾನ್ ಒರಟು ದನಿಯಲ್ಲಿ ಕೂಗುತ್ತದೆ. ಬೆಳೆದ ಸ್ಟಾರ್ಕಿಗೆ ದನಿ ಇಲ್ಲ ಅಂತಲೇ ಹೇಳಬೇಕು, ಗೂಡಿನ ಹತ್ತಿರ ಕೊಕ್ಕನ್ನು ಪಟಪಟ ಬಡಿಯುತ್ತದೆ, ಅಷ್ಟೇ. ಮರದ ಕೆಳಗೆ ಕೇಳುವ ಗಲಾಟೆಯಲ್ಲಿ ಹಸಿದ ಮರಿಗಳ ಪಾಲೇ ಜಾಸ್ತಿ.

ನನಗೆ ಇದರಲ್ಲಿ ಮಜಾ ಅನ್ನಿಸಿದ್ದು ಬಕಧ್ಯಾನ ಅನ್ನುವ ಮಾತು. ನೀರಿನಲ್ಲಿ ಅಲ್ಲಾಡದೆ ನಿಂತು, ಮೀನು ಕಣ್ಣಿಗೆ ಬೀಳುವ ತನಕ ಕಾದು, ಚಕ್ಕನೆ ಕುಕ್ಕುವುದು ಹೆರಾನ್ ಜಾತಿಯ ಕೆಲಸ. ಪೇಂಟೆಡ್ ಸ್ಟಾರ್ಕ್ ಧ್ಯಾನ ಗೀನ ಮಾಡಲ್ಲ. ಅದು ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿಟ್ಟು, ಆ ಕಡೆ ಈ ಕಡೆ ಆಡಿಸುತ್ತಾ, ಕಾಲಿನಿಂದ ಕೆಸರು ಕಲಕುತ್ತಾ ನಡೆಯುತ್ತದೆ. ಮೀನು ಕೊಕ್ಕಿಗೆ ತಾಗಿದ ತಕ್ಷಣ ಮುಚ್ಚಿಕೊಳ್ಳುತ್ತದೆ. ಕಣ್ಣಿಗಿಂತ ಮುಟ್ಟಿ ತಿಳಿಯುವುದೇ ಅದಕ್ಕೆ ಮುಖ್ಯ, ಹಾಗಾಗಿ ಕಲಕಿದ ನೀರಿನಲ್ಲೂ ಹೊಟ್ಟೆ ತುಂಬುತ್ತದೆ. ಅಂದರೆ ಬಕ ಯಾವುದು ಅಂತ ನಮ್ಮ ಗಾದೆ ಮಾತು ಮೊದಲೇ ತೀರ್ಮಾನ ಮಾಡಿಬಿಟ್ಟಿದೆ, ಅಲ್ವಾ? ಗ್ರೇ ಹೆರಾನ್ ಬೂದು ಬಕ. ಕೆರೆ ದಂಡೆಯಲ್ಲಿ ಮಣ್ಣಿನ ಬಣ್ಣದಲ್ಲಿ ಕೂತಿದ್ದು ಹಾರಿದಾಗ ಮಾತ್ರ ಬೆಳ್ಳಗೆ ಕಾಣುವುದು ಕೊಳದ ಬಕ.

ಕೊಕ್ಕರೆಯನ್ನು ಸ್ಟಾರ್ಕಿಗೆ ಬಿಡೋಣ ಅನ್ನುವುದಕ್ಕೂ ಆಧಾರ ಇದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಪೇಂಟೆಡ್ ಸ್ಟಾರ್ಕ್ ಮತ್ತು ಪೆಲಿಕನ್ ಎರಡೂ ಗೂಡು ಕಟ್ಟುತ್ತವೆ. ಪೆಲಿಕನ್ನಿಗೆ ಹೆಜ್ಜಾರ್ಲೆ ಅನ್ನುವ ಚೆಂದದ ಹೆಸರು ಬೇರೆಯೇ ಇದೆ. ಹಾಗಾಗಿ ಊರಿನ ಹೆಸರಿನಲ್ಲಿರುವ ಕೊಕ್ಕರೆ ಸ್ಟಾರ್ಕೇ ಇರಬೇಕು. ದಿನಾ ಎದುರಿಗೆ ಕಾಣುವ ಹಕ್ಕಿಗೆ ಜನ ಬೇರೆ ಹೆಸರು ಇಟ್ಟೇ ಇಡುತ್ತಾರೆ. ಬಿಳಿಯವಕ್ಕೆ ಬೆಳ್ಳಕ್ಕಿ ಸಾಕು, ದನದ ಜೊತೆ ಓಡಾಡುವುದಕ್ಕೆ ಗೋವಕ್ಕಿ ಅಂತಲೂ ಇದೆ.

ರಾಜಸ್ಥಾನದ ಭರತಪುರಕ್ಕೆ ಹೋದಾಗ ಗಮನಿಸಿದೆ, ಅಲ್ಲಿ ಹಕ್ಕಿ ತೋರಿಸುವ ಸೈಕಲ್ ರಿಕ್ಷಾದವರು ಒಂದನ್ನೊಂದು ಬೆರೆಸಲ್ಲ. ಪೇಂಟೆಡ್ ಸ್ಟಾರ್ಕ್ ಜಾಂಘಿಲ್, ಹೆರಾನ್ ಬೆಳ್ಳಕ್ಕಿಗಳು ಬಗುಲಾ, ಎತ್ತರದ ಕ್ರೇನ್ ಸಾರಸ್. ಕಪಟ ಭಕ್ತನಿಗೆ ಹಿಂದಿಯಲ್ಲಿ ಬಗುಲಾ ಭಗತ್ ಅನ್ನುತ್ತಾರೆ, ನಮ್ಮ ಬಕಧ್ಯಾನದ ನೆಂಟನೇ.

ಭರತಪುರದ ಮಾತು ಬಂದಿದ್ದಕ್ಕೆ ಇನ್ನೊಂದು. ಕಗ್ಗಲಡುವಿನ ಹಕ್ಕಿಗಳು ಸೈಬೀರಿಯಾದಿಂದ ಬರುತ್ತವೆ ಅಂತ ಆಗಾಗ ಓದುತ್ತೇವಲ್ಲ, ಅದು ತಪ್ಪು. ಪೇಂಟೆಡ್ ಸ್ಟಾರ್ಕ್ ಭಾರತ, ಶ್ರೀಲಂಕಾ ಮತ್ತು ಆಚೆ ಥಾಯ್ಲೆಂಡ್ ಕಡೆಯ ಹಕ್ಕಿ, ನೀರು ಮೀನು ಹುಡುಕಿಕೊಂಡು ದೇಶದೊಳಗೇ ಸುತ್ತುತ್ತದೆ. ಚಳಿಗಾಲಕ್ಕೆ ಸೈಬೀರಿಯಾದಿಂದ ಭರತಪುರಕ್ಕೆ ಬರುತ್ತಿದ್ದದ್ದು ಸೈಬೀರಿಯನ್ ಕ್ರೇನ್. 2002ರ ನಂತರ ಅದು ಅಲ್ಲಿಗೆ ಬಂದಿಲ್ಲ. ಅದು ಮರದ ಮೇಲೆ ಗೂಡು ಕಟ್ಟುವ ಹಕ್ಕಿಯೇ ಅಲ್ಲ, ಜೌಗು ನೆಲದಲ್ಲಿ ಕಟ್ಟುವಂಥದ್ದು. ಕನ್ನಡದಲ್ಲಿ ಅದನ್ನೂ ಸೈಬೀರಿಯಾ ಕೊಕ್ಕರೆ ಅಂತ ಬರೆದರು, ಹೆಸರಿನ ಜೊತೆ ಊರೂ ನಮ್ಮ ಕೊಕ್ಕರೆಗೆ ಅಂಟಿಕೊಂಡಿತು ಅಂತ ನನ್ನ ಗುಮಾನಿ. ಕ್ರೇನಿಗೆ ಕ್ರೌಂಚ ಅನ್ನಬಹುದು, ಆದರೆ ಅದು ಪುಸ್ತಕದ ಪದ. ಯಾರಾದರೂ ಆಡುಮಾತಿನಲ್ಲಿ ಬೇರೆ ಪದ ಕೇಳಿದ್ದೀರಾ?

ಕೊನೆಗೆ, ಪದದ ಹುಟ್ಟಿನ ಬಗ್ಗೆ ಬಲ್ಲವರು ಹೇಳಿ. ಉದ್ದ ಕೊಕ್ಕು ಇರುವುದರಿಂದ ಕೊಕ್ಕರೆ ಅಂತ ಸುಲಭವಾಗಿ ಬಿಡಿಸಿಬಿಡುತ್ತೇವೆ. ಆದರೆ ತಮಿಳಿನಲ್ಲಿ ಕೊಕ್ಕು ಅಂದರೆ ಈ ಜಾತಿಯ ಹಕ್ಕಿಯೇ, ನಾವು ಕೊಕ್ಕು ಅನ್ನುವುದಕ್ಕೆ ಅವರು ಅಲಗು ಅನ್ನುತ್ತಾರೆ. ಹಾಗಾದರೆ ಮೊದಲು ಬಂದದ್ದು ಹಕ್ಕಿಯೋ ಕೊಕ್ಕೋ? ತಮಿಳು, ತೆಲುಗು ಎರಡೂ ಬೆರೆತ ಮುಳಬಾಗಿಲು, ಬಂಗಾರಪೇಟೆ ಕಡೆಯವರು ಮನೆಯಲ್ಲಿ ಏನನ್ನುತ್ತೀರಿ ಅಂತಲೂ ತಿಳಿಸಿ.