ಸ್ಟ್ರಿಂಗ್‌ಗಳಿಂದಲೇ ಸ್ಪೇಸ್ ಹುಟ್ಟುತ್ತೆ ಅಂದ್ರೆ ಮೊದ್ಲು ಅವು ಇದ್ದಿದ್ದೆಲ್ಲಿ?

ಮಗ್ಗದಮನೆ ಹುಡುಗ:
ನಮಸ್ಕಾರ, ದಾವಣಗೆರೇಲಿ ಎಂಎಸ್ಸಿ ಫಿಸಿಕ್ಸ್ ಓದ್ತಿದೀನಿ, ಊರು ಮೊಳಕಾಲ್ಮೂರು ಕಡೆ, ಮನೇಲಿ ರೇಷ್ಮೆ ಸೀರೆ ನೇಯ್ತಾರೆ. ಸ್ಟ್ರಿಂಗ್ ಥಿಯರಿ ಪ್ರಕಾರ ಎಲ್ಲ ಕಣಗಳೂ ಕಂಪಿಸೋ ಸಣ್ಣ ಎಳೆಗಳು, ಅವೇ ಸ್ಟ್ರಿಂಗ್. ಸ್ಟ್ರಿಂಗ್ ಕಂಪಿಸೋಕೆ ಜಾಗ ಬೇಕು, ಟೈಮ್ ಬೇಕು, ಆದ್ರೆ ಆ ಜಾಗಾನೇ ಸ್ಟ್ರಿಂಗ್‌ಗಳಿಂದ ಹುಟ್ಟಿರ್ಬೋದು ಅಂತಾರಲ್ಲ, ಅದು ಹೆಂಗೆ? ಸೀರೆ ಎಳೆಯಿಂದ ಆಗುತ್ತೆ ನಿಜ, ಹಾಸು ಕಟ್ಟೋಕೆ ಮಗ್ಗ ಮೊದ್ಲೇ ಇರ್ಬೇಕಲ್ಲ? ರಾತ್ರಿಯೆಲ್ಲ ಇದೇ ತಲೇಲಿ ಓಡ್ತಿದೆ.

ಕೋಟೆ ಮೇಷ್ಟ್ರು:
ತಮ್ಮಾ, ಸರಿಯಾದ ಜಾಗಕ್ಕೇ ಕೈ ಹಾಕಿದೀಯ. 1974ರಲ್ಲೇ ಷೆರ್ಕ್, ಶ್ವಾರ್ಟ್ಸ್ ಅನ್ನೋ ಭೌತವಿಜ್ಞಾನಿಗಳು ತೋರಿಸಿದ್ದು ಏನಂದ್ರೆ ಮುಚ್ಚಿದ ಸ್ಟ್ರಿಂಗಿನ ಒಂದು ಕಂಪನಕ್ಕೆ ಮಾಸ್ ಇಲ್ಲ, ಸ್ಪಿನ್ (ಕಣದ ಒಳಗಿನ ತಿರುಗುವಿಕೆಯ ಅಳತೆ) 2, ಅಂದ್ರೆ ಅದೇ ಗ್ರ್ಯಾವಿಟಾನ್, ಗುರುತ್ವದ ಕಣ. ಅಂಥವು ರಾಶಿಗಟ್ಟಲೆ ಒಂದೇ ತಾಳದಲ್ಲಿ ಸೇರಿದ್ರೆ ನಾವು ಅದನ್ನೇ ಬಾಗಿದ ಸ್ಪೇಸ್‌ಟೈಮ್ ಅಂತೀವಿ. ಆಮೇಲೆ ಟಿ-ಡ್ಯುಯಾಲಿಟಿ ಐತೆ, ಉಂಗುರದಂತೆ ಸುತ್ತಿಕೊಂಡ ದಿಕ್ಕು ದೊಡ್ಡದಿದ್ರೂ ಅದಕ್ಕೆ ತಕ್ಕಷ್ಟು ತೀರಾ ಸಣ್ಣದಿದ್ರೂ ಸ್ಟ್ರಿಂಗಿಗೆ ಫರಕ್ಕೇ ಗೊತ್ತಾಗಲ್ಲ, ಅಂದ್ಮೇಲೆ ಉದ್ದ ಅನ್ನೋದೇ ಮೂಲದ್ದಲ್ಲ ಅಂತ ನಂಗೆ ಅನ್ಸುತ್ತೆ. ಆದ್ರೂ ಈ ಲೆಕ್ಕದಲ್ಲಿ ಶುರೂಲಿ ಒಂದು ಸ್ಪೇಸ್ ಇಟ್ಕೊಂಡೇ ಹೊರಡ್ತಾರೆ, ನಿನ್ನ ಮಗ್ಗ ಹಂಗೇ ಉಳಿಯುತ್ತೆ.

ಬೆಣ್ಣೆನಗರಿ:
ಮೇಷ್ಟ್ರೇ, ಮುಂದಿನದು ನಾನು ಹೇಳ್ತೀನಿ. 1997ರಲ್ಲಿ ಮಾಲ್ಡಸೀನ ಹೇಳಿದ್ದನ್ನ ಸೀರೆ ಭಾಷೇಲೇ ಹೇಳೋದಾದ್ರೆ, ಅಂಚಲ್ಲಿ ಗ್ರ್ಯಾವಿಟಿ ಇಲ್ಲದ ಒಂದು ಕ್ವಾಂಟಮ್ ಥಿಯರಿ, ಒಡಲಲ್ಲಿ ಒಂದು ದಿಕ್ಕು ಜಾಸ್ತಿ ಇರೋ, ಗ್ರ್ಯಾವಿಟಿ ಇರೋ ಜಗತ್ತು, ಎರಡೂ ಒಂದೇ. ಒಡಲನ್ನ ಬೇರೆ ನೇಯೋದೇ ಬೇಡ, ಅಂಚಿನ ಲೆಕ್ಕದಲ್ಲೇ ಐತೆ. 2006ರಲ್ಲಿ ರ್ಯು, ತಾಕಾಯನಾಗಿ ಅಂಚಿನ ಒಂದು ತುಂಡಿಗೆ ಉಳಿದ ಅಂಚಿನ ಜೊತೆಗಿರೋ ಕ್ವಾಂಟಮ್ ನಂಟನ್ನ, ಅಂದ್ರೆ ಎಂಟ್ಯಾಂಗಲ್‌ಮೆಂಟ್‌ನ ಒಡಲೊಳಗಿನ ಒಂದು ಮೇಲ್ಮೈ ವಿಸ್ತೀರ್ಣದಿಂದ ಅಳೀಬೋದು ಅಂದ್ರು. 2010ರಲ್ಲಿ ವಾನ್ ರಾಮ್ಸ್‌ಡಾಂಕ್ ತಿರುಗಿಸಿ ಕೇಳಿದ್ರು, ಅಂಚಿನ ಎರಡು ಭಾಗಗಳ ಎಂಟ್ಯಾಂಗಲ್‌ಮೆಂಟ್ ಕಮ್ಮಿ ಮಾಡ್ತಾ ಹೋದ್ರೆ? ನಡುವಿನ ಜಾಗ ಸಣ್ಣಗಾಗ್ತಾ ಎಳೆದು ಕಿತ್ತು ಹೋಗುತ್ತೆ! ಹೊಕ್ಕು ತೆಗೆದ್ರೆ ಬರೀ ನೂಲು ಉಳಿಯಲ್ವಾ, ಹಂಗೆ. ನನ್ನ ಪ್ರಕಾರ ಸ್ಪೇಸ್ ಅಂದ್ರೆ ಎಳೆಗಳಲ್ಲ, ಅವು ಹಾಸುಹೊಕ್ಕಾಗಿರೋದು.

ಮಗ್ಗದಮನೆ ಹುಡುಗ:
ಅಕ್ಕಾ, ಅಂಚು-ಒಡಲು ಅಂದ್ರಲ್ಲ, ಈಗ ತಲೆಗೆ ಹೋಯ್ತು. ಆದ್ರೆ ಅಂಚಿನ ಥಿಯರೀಲಿ ಟೈಮ್ ಮೊದ್ಲೇ ಐತಲ್ಲ? ನಮ್ಮ ವಿಶ್ವ ಬೇರೆ ಆ ಥರ ಅಂಚಿರೋದಲ್ಲ, ವೇಗ ಹೆಚ್ಚಿಸ್ಕೊಂಡು ಹಿಗ್ತಾ ಐತೆ ಅಂತ 1998ರಲ್ಲೇ ಗೊತ್ತಾಯ್ತು.

ಕೋಟೆ ಮೇಷ್ಟ್ರು:
ಹೌದು, ಅಲ್ಲೇ ಎಲ್ರೂ ಒದ್ದಾಡ್ತಿರೋದು. ಐಕೆಕೆಟಿ ಮಾಡೆಲ್ ನೋಡು, ನಾಲ್ವರ ಹೆಸರಿನ ಮೊದಲಕ್ಷರ ಸೇರಿಸಿದ ಹೆಸರು, ಜಪಾನ್‌ನೋರು 1996ರಲ್ಲಿ ತಂದಿದ್ದು, ಅದ್ರಲ್ಲಿ ಟೈಮನ್ನೂ ಮೊದ್ಲೇ ಇಡಲ್ಲ, ಸ್ಟ್ರಿಂಗ್ ಥಿಯರಿಯ 10 ದಿಕ್ಕಿಗೆ (ಟೈಮ್ ಸೇರಿ) 10 ಮ್ಯಾಟ್ರಿಕ್ಸ್, ಅಂದ್ರೆ ಸಂಖ್ಯೆಗಳ ಚೌಕ ಪಟ್ಟಿ, ಜೊತೆಗೆ ಅವುಗಳ ಫರ್ಮಿಯಾನ್ (ಎಲೆಕ್ಟ್ರಾನ್ ಥರದ ಕಣಗಳ ಜಾತಿ) ಜೋಡಿ, ಟೈಮ್ ಅದರಿಂದಲೇ ಹುಟ್ಟಬೇಕು. ಲೀನಿಯರ್ ಆಲ್ಜೀಬ್ರಾ ಗಟ್ಟಿ ಇದ್ರೆ ಅಲ್ಲಿಂದ ಶುರು ಮಾಡು.